ನಾನು ಯಾರು? ಒಗಟಿನಲ್ಲಿ ಸ್ಥಾನಬೆಲೆ

"47ರಲ್ಲಿ 4 ಯಾವ ಸ್ಥಾನದಲ್ಲಿದೆ?" ಎಂದರೆ ಎರಡನೇ ತರಗತಿಯ ಮಕ್ಕಳು ಒಕ್ಕೊರಲಿನಿಂದ "ಹತ್ತರ ಸ್ಥಾನ!" ಅನ್ನುತ್ತಾರೆ. ಎಡಗಡೆಯದು ಹತ್ತು, ಬಲಗಡೆಯದು ಬಿಡಿ ಅಂತ ಬಾಯಿಪಾಠವಾಗಿರುತ್ತದೆ, ಅಷ್ಟೇ. ದಶಕ ಸಹಿತ ಕೂಡುವ ಲೆಕ್ಕ ಬಂದಾಗ ಬಣ್ಣ ಬಯಲಾಗುತ್ತದೆ.

ಹಾಗಾಗಿ ನಾನು ಒಗಟು ಹಾಕುತ್ತೇನೆ. "ನನ್ನಲ್ಲಿ 4 ಬಿಡಿ, 7 ಹತ್ತು. ನಾನು ಯಾರು?" ಬೇಕೆಂತಲೇ ಬಿಡಿಯನ್ನು ಮೊದಲು ಹೇಳುತ್ತೇನೆ. ಕೇಳಿದ ಕ್ರಮದಲ್ಲೇ ಬರೆಯುವ ಮಗು 47 ಬರೆಯುತ್ತದೆ, ಸ್ಥಾನ ಯೋಚಿಸಿದ ಮಗು 74. ಯಾರಿಗೆ ಯಾವುದು ಗೊತ್ತು ಅನ್ನುವುದು ಅಲ್ಲೇ ತಿಳಿಯುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಮುಂದಿನದು: "3 ಹತ್ತು, 14 ಬಿಡಿ. ನಾನು ಯಾರು?" ಅರ್ಧಕ್ಕರ್ಧ ಸ್ಲೇಟುಗಳಲ್ಲಿ 314 ಇರುತ್ತದೆ. ತಪ್ಪು ಅನ್ನದೆ, "ಕಡ್ಡಿ ಇಟ್ಟು ತೋರಿಸು" ಅನ್ನುತ್ತೇನೆ. ಮಗು ಹತ್ತರ ಮೂರು ಕಟ್ಟು ಇಡುತ್ತದೆ, ಪಕ್ಕದಲ್ಲಿ 14 ಬಿಡಿ ಕಡ್ಡಿ ಎಣಿಸಿಡುತ್ತದೆ. ಆಮೇಲೆ ಯಾರೂ ಹೇಳದಿದ್ದರೂ ಕೈ ರಬ್ಬರ್ ಬ್ಯಾಂಡಿಗೆ ಹೋಗುತ್ತದೆ. "ಟೀಚರ್, ಇನ್ನೊಂದು ಕಟ್ಟಾಯ್ತು!" ನಾಲ್ಕು ಕಟ್ಟು, ನಾಲ್ಕು ಬಿಡಿ, 44. "ಹಾಗಾದ್ರೆ ನಿನ್ನ 314ಕ್ಕೆ ಎಷ್ಟು ಕಟ್ಟು ಬೇಕು?" ಎಂದು ಕೇಳಿದಾಗ 31 ಕಟ್ಟು ಅಂತ ಲೆಕ್ಕ ಹಾಕಿ ಇಡೀ ತರಗತಿ ನಗುತ್ತದೆ.

ಅದೇ 44 ಅನ್ನು ತಿರುಗಿಸಿ ಕೇಳುತ್ತೇನೆ: ಇನ್ನು ಹೇಗೆಲ್ಲ ಹೇಳಬಹುದು? 2 ಹತ್ತು 24 ಬಿಡಿ, 1 ಹತ್ತು 34 ಬಿಡಿ, ಬರೀ 44 ಬಿಡಿ. ಇದು ಬಂದವರಿಗೆ 44ರಲ್ಲಿ 18 ಕಳೆಯುವಾಗ ಒಂದು ಕಟ್ಟು ಬಿಚ್ಚುವುದು ಹೊಸದೆನಿಸುವುದಿಲ್ಲ. "ಪಕ್ಕದ ಮನೆಯಿಂದ ಸಾಲ ತಗೋ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ತೀರಿಸದ ಸಾಲ ಎಂಥ ಸಾಲ?

ಸೊನ್ನೆಗೆ ಬೇರೆ ಒಗಟು: "5 ನೂರು, 2 ಬಿಡಿ." 52 ಬರೆಯುವವರೂ ಇದ್ದಾರೆ, 5002 ಬರೆಯುವವರೂ ಇದ್ದಾರೆ. 500 ಎಂದು ಬರೆದ ಕಾಗದದ ಪಟ್ಟಿಯ ಬಲತುದಿಯ ಸೊನ್ನೆಯ ಮೇಲೆ 2ರ ಚೀಟಿ ಇಡಿಸಿದರೆ ಸಾಕು, 502 ಕಣ್ಣಿಗೇ ಕಾಣುತ್ತದೆ.

ಒಂದೇ ಉತ್ತರವಿರುವ ಒಗಟು ಬೇಗ ಮುಗಿದುಹೋಗುತ್ತದೆ. ಅದಕ್ಕೇ ಸುಳಿವನ್ನು ಒಂದೊಂದಾಗಿ ಬಿಡುತ್ತೇನೆ. "ಎರಡಂಕಿ ಸಂಖ್ಯೆ, ಅಂಕಿಗಳನ್ನು ಕೂಡಿದರೆ 5." 14, 23, 32, 41 ಬರುತ್ತವೆ, 50 ಮಾತ್ರ ಸುಮಾರು ಹೊತ್ತು ಯಾರಿಗೂ ಹೊಳೆಯುವುದಿಲ್ಲ. "ಬಿಡಿಸ್ಥಾನದ ಅಂಕಿಯೇ ದೊಡ್ಡದು" ಎಂದಾಗ 14, 23 ಉಳಿಯುತ್ತವೆ. "ಬೆಸ ಸಂಖ್ಯೆ" ಎಂದಾಗ 23. ಪ್ರತಿ ಸುಳಿವಿಗೂ ಯಾವುದು ಹೋಯಿತು, ಯಾಕೆ ಹೋಯಿತು ಅಂತ ಮಕ್ಕಳೇ ಹೇಳಬೇಕು. ಇಲ್ಲಿ ಅವಸರ ಮಾಡಬಾರದು.

ಕೊನೆಗೆ ಒಗಟು ಕಟ್ಟುವ ಕೆಲಸ ಅವರಿಗೇ. ಒಬ್ಬ ಹುಡುಗ "ಎರಡಂಕಿ, ಕೂಡಿದರೆ 19" ಎಂದು ಬರೆದು ತಂದ. ಎಲ್ಲರೂ ಹುಡುಕಿದ್ದೇ ಹುಡುಕಿದ್ದು. "99 ಆದ್ರೂ 18ಕ್ಕೇ ನಿಂತೋಗುತ್ತೆ ಕಣೋ" ಎಂದಳು ಹಿಂದಿನ ಸಾಲಿನವಳು. ಅವನು ಒಪ್ಪಿ, ಎರಡಂಕಿಯನ್ನು ಹೊಡೆದುಹಾಕಿ ಮೂರಂಕಿ ಎಂದು ತಿದ್ದಿದ. ಆಗ 199, 289, 298 ಅಂತ ಉತ್ತರಗಳು ಸಾಲುಗಟ್ಟಿದವು. ಇನ್ನೂ ಎರಡು ಸುಳಿವು ಬೇಕು ಅಂದುಕೊಂಡು ಸ್ಲೇಟು ಒರೆಸಿ ಮತ್ತೆ ಕೂತ.