ಹೆಸರು ಮೊದಲು, ಮೆಷಿನ್ ಆಮೇಲೆ: ಡಿಲ್ಬರ್ಟ್ ಸೀರಿಯಲ್ ಯಾಕೆ ನೋಡಬೇಕು

ಆಫೀಸ್ ಕಾಮಿಡಿ ಅಂದ ಕೂಡಲೇ ಎಲ್ಲರೂ ದಿ ಆಫೀಸ್ ಹೆಸರು ಹೇಳುತ್ತಾರೆ. ನನಗೂ ಅದು ಇಷ್ಟವೇ. ಆದರೆ ಅದರ ಬ್ರಿಟಿಷ್ ಮೂಲ ಬಂದದ್ದು 2001ರಲ್ಲಿ. ಅದಕ್ಕೂ ಮೊದಲೇ, 1999ರ ಜನವರಿ 25ರಂದು, ಅಮೆರಿಕದ ಯುಪಿಎನ್ ಅನ್ನೋ ಚಾನೆಲ್‌ನಲ್ಲಿ ಡಿಲ್ಬರ್ಟ್ ಅನ್ನೋ ಕಾರ್ಟೂನ್ ಸೀರಿಯಲ್ ಶುರುವಾಗಿತ್ತು. ಡಿಲ್ಬರ್ಟ್ ಅನ್ನೋ ಇಂಜಿನಿಯರ್ ಮತ್ತು ಅವನ ಆಫೀಸಿನ ಕಥೆ. ಎರಡು ಸೀಸನ್, ಒಟ್ಟು 30 ಎಪಿಸೋಡ್. 2000ದ ಜುಲೈಗೆ ಮುಗಿದೇ ಹೋಯಿತು. ಅದೇ ವಾರ ಶುರುವಾದ ಫ್ಯಾಮಿಲಿ ಗೈ ಇವತ್ತಿಗೂ ಬರುತ್ತಿದೆ. ಡಿಲ್ಬರ್ಟ್ ಬರುತ್ತಿದ್ದ ಚಾನೆಲ್ಲೇ 2006ರಲ್ಲಿ ಮುಚ್ಚಿಹೋಯಿತು. ಇಷ್ಟು ಒಳ್ಳೆಯ ಸೀರಿಯಲ್ಲನ್ನು ಜನ ಹೀಗೆ ಮರೆತುಬಿಟ್ಟರಲ್ಲ ಅಂತ ನನಗೆ ನಿಜವಾಗಿಯೂ ಬೇಜಾರು.

ಇದರ ಮೂಲ ಸ್ಕಾಟ್ ಆಡಮ್ಸ್ ಬರೆಯುತ್ತಿದ್ದ ಅದೇ ಹೆಸರಿನ ಕಾಮಿಕ್ ಸ್ಟ್ರಿಪ್. 1989ರಲ್ಲಿ ಅದು ಶುರುವಾದಾಗ ಆತ ಪೆಸಿಫಿಕ್ ಬೆಲ್ ಅನ್ನೋ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ. 1993ರಲ್ಲಿ ಸ್ಟ್ರಿಪ್‌ನಲ್ಲೇ ತನ್ನ ಇಮೇಲ್ ವಿಳಾಸ ಹಾಕಿದ. ಓದುಗರು ತಮ್ಮ ತಮ್ಮ ಆಫೀಸಿನ ಕಥೆ ಬರೆದು ಕಳಿಸೋಕೆ ಶುರು ಮಾಡಿದರು, ಆಫೀಸಿನ ವಿಷಯವೇ ಜಾಸ್ತಿ ಇರಲಿ ಅಂದರು. ಹಾಗಾಗಿ ಅದರಲ್ಲಿ ಬರುವ ಮೀಟಿಂಗು, ಮೆಮೊ, ಬಾಸ್ ಮಾತು ಯಾವುದೂ ಸುಮ್ನೆ ಕೂತು ಹೆಣೆದ ಹಾಗೆ ಅನ್ನಿಸುವುದಿಲ್ಲ. ಸೀರಿಯಲ್ ಮಾಡುವಾಗ ಸೈನ್‌ಫೆಲ್ಡ್ ಅನ್ನೋ ಕಾಮಿಡಿ ಸೀರಿಯಲ್‌ಗೆ ಬರೆದಿದ್ದ ಲ್ಯಾರಿ ಚಾರ್ಲ್ಸ್ ಜೊತೆಗೆ ಬಂದ. ಡಿಲ್ಬರ್ಟ್‌ಗೆ ದನಿ ಕೊಟ್ಟಿರುವುದು ಹೋಮ್ ಅಲೋನ್ ಸಿನಿಮಾದಲ್ಲಿ ಉದ್ದನೆಯ ಕಳ್ಳನ ಪಾತ್ರ ಮಾಡಿದ ಡೇನಿಯಲ್ ಸ್ಟರ್ನ್. ಟೈಟಲ್ ಸಂಗೀತ ಡ್ಯಾನಿ ಎಲ್ಫ್‌ಮನ್ ಅವರದು, ಟೈಟಲ್ ವಿನ್ಯಾಸಕ್ಕೆ 1999ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರ್ತೀನಿ. ಕಾಮಿಕ್ ಸ್ಟ್ರಿಪ್‌ಗೆ ಇರುವುದು ಮೂರು ಚೌಕ. ಬಾಸ್ ಏನೋ ಪೆದ್ದು ಮಾತಾಡುತ್ತಾನೆ, ನಾವು ನಗುತ್ತೇವೆ, ಮುಗೀತು. ಸೀರಿಯಲ್‌ಗೆ ಸಮಯ ಇದೆ. ಮೊದಲ ಸೀಸನ್ನಿನ ಬಹಳಷ್ಟು ಭಾಗ ಒಂದೇ ಪ್ರಾಡಕ್ಟಿನ ಹಿಂದೆ ಹೋಗುತ್ತದೆ. ಅದರ ಹೆಸರು ಗ್ರಂಟ್‌ಮಾಸ್ಟರ್ 6000. ಮೊದಲ ಎಪಿಸೋಡ್ ಪೂರ್ತಿ ಆ ಹೆಸರು ಹುಡುಕುವುದೇ. ಮೆಷಿನ್ ಇನ್ನೂ ಡಿಸೈನೇ ಆಗಿಲ್ಲ, ಅದು ಏನು ಮಾಡುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಆದರೆ ಹೆಸರು ಬೇಕು, ಅದೂ ಅರ್ಜೆಂಟಾಗಿ ಬೇಕು. ಆಮೇಲೆ ಪ್ರೊಟೊಟೈಪ್, ಅಂದರೆ ಮೊದಲು ಮಾಡಿ ನೋಡುವ ಮಾದರಿ, ಆಮೇಲೆ ಟೆಸ್ಟಿಂಗ್. ಒಂದು ಕೆಲಸ ಕಾಗದದಿಂದ ಹೊರಟು ಎಷ್ಟು ಜನರ ಕೈ ದಾಟುತ್ತದೆ, ಎಲ್ಲೆಲ್ಲಿ ಹಾಳಾಗುತ್ತದೆ, ಯಾರು ಅದನ್ನ ಹಿಡಿದು ನಿಲ್ಲಿಸುತ್ತಾರೆ ಅನ್ನೋದನ್ನ ಇಷ್ಟು ಸಾವಧಾನವಾಗಿ ತೋರಿಸಿದ ಇನ್ನೊಂದು ಕಾಮಿಡಿ ನಾನು ನೋಡಿಲ್ಲ.

ನಾನಿರುವುದು ತುಮಕೂರಿನಲ್ಲಿ, ಕೆಲಸ ವಸಂತನರಸಾಪುರದ ಒಂದು ಫ್ಯಾಕ್ಟರಿಯ ಡಿಸೈನ್ ಸೆಕ್ಷನ್ನಿನಲ್ಲಿ. ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಬೆಳಗ್ಗೆ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಉಳಿದವರು ನನ್ನ ಹಾಗೆ ಇಲ್ಲೇ, ಅಂತರಸನಹಳ್ಳಿ, ಹಿರೇಹಳ್ಳಿ ಕಡೆ. ಇಬ್ಬರೂ ಸಿಕ್ಕಾಗ ಮಾತಾಡುವ ವಿಷಯ ಒಂದೇ, ಆಫೀಸು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಹೊಸ ಕಂಟ್ರೋಲ್ ಪ್ಯಾನೆಲ್ ಮಾಡುವ ಮಾತು ಬಂದಾಗ ಡ್ರಾಯಿಂಗ್ ಆಗುವ ಮೊದಲೇ ಸ್ಟಿಕ್ಕರ್ ಪ್ರಿಂಟ್ ಆಗಿ ಬಂದಿತ್ತು. "ಸಾರ್, ಬಾಕ್ಸ್ ಸೈಜೇ ಇನ್ನೂ ಫಿಕ್ಸ್ ಆಗಿಲ್ವಲ್ಲ" ಅಂದರೆ, "ನೀವು ಸ್ಟಿಕ್ಕರ್‌ಗೆ ತಕ್ಕ ಹಾಗೆ ಬಾಕ್ಸ್ ಮಾಡ್ರೀ" ಅಂದರು ಮ್ಯಾನೇಜರು. ಡಿಲ್ಬರ್ಟ್‌ನ ಮೊದಲ ಎಪಿಸೋಡ್ ನೋಡಿದಾಗ ನನಗೆ ಮೊದಲು ಬಂದದ್ದು ನಗು ಅಲ್ಲ, ಸಮಾಧಾನ. ನಮ್ಮಲ್ಲಷ್ಟೇ ಹೀಗೆ ಅಂದುಕೊಂಡಿದ್ದೆ.

ಟೆಸ್ಟಿಂಗ್ ಎಪಿಸೋಡ್ ನನಗೆ ತುಂಬಾ ಇಷ್ಟ. ಎಲ್ಲರೂ ಹೆದರುವ ಟೆಸ್ಟರ್ ಒಬ್ಬನ ಕೈಗೆ ಪ್ರೊಟೊಟೈಪ್ ಹೋಗುತ್ತದೆ. ಕ್ವಾಲಿಟಿಯವರಿಗೆ ಮೆಷಿನ್ ಕೊಟ್ಟು ರಿಸಲ್ಟಿಗೆ ಕಾದವರಿಗೆ ಆ ಹೆದರಿಕೆ ಗೊತ್ತು. ತಿಂಗಳುಗಟ್ಟಲೆ ಮಾಡಿದ್ದನ್ನ ಆ ಮನುಷ್ಯ ಎತ್ತಿ ನೋಡುತ್ತಾನೆ, ಒಂದು ಕಡೆ ಬೆರಳಿಡುತ್ತಾನೆ, ನಮ್ಮ ಎದೆ ಧಸಕ್ ಅನ್ನುತ್ತದೆ. ನಮ್ಮಲ್ಲಿ ಕ್ವಾಲಿಟಿ ಚೆಕ್ ಮಾಡುವ ಹಿರಿಯರು ಒಬ್ಬರು ಇದ್ದರು, ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. "ನೋಡಮ್ಮ, ನಾನು ಬೈದರೆ ಇಲ್ಲೇ ಮುಗಿಯುತ್ತೆ, ಕಸ್ಟಮರ್ ಬೈದರೆ ಮುಗಿಯಲ್ಲ" ಅನ್ನುತ್ತಿದ್ದರು. ಅವರಂಥವರ ಬೆಲೆ ಆ ಎಪಿಸೋಡಿಗೆ ಗೊತ್ತು.

ಕಾಂಪಿಟಿಷನ್ ಅನ್ನೋ ಎಪಿಸೋಡ್ ಇನ್ನೂ ಒಂದು ಹೆಜ್ಜೆ ಮುಂದೆ. ಡಿಲ್ಬರ್ಟ್‌ನನ್ನು ಗೂಢಚಾರ ಅಂತ ಅನುಮಾನಪಟ್ಟು ಕೆಲಸದಿಂದ ತೆಗೆಯುತ್ತಾರೆ. ಅವನಿಗೆ ಬೇರೆ ಕಂಪನಿ ಸಿಗುತ್ತದೆ, ಸ್ವರ್ಗದಂಥ ಕಂಪನಿ. ಎಲ್ಲರೂ ಖುಷಿಯಾಗಿದ್ದಾರೆ, ಕೆಲಸ ಸಲೀಸಾಗಿ ಆಗುತ್ತದೆ. ಆದರೆ ಹಳೇ ಆಫೀಸಿನಲ್ಲಿ ಕಲಿತ ಅಭ್ಯಾಸಗಳನ್ನ ಅವನು ಗೊತ್ತಿಲ್ಲದೆ ಅಲ್ಲಿಗೂ ತಂದುಬಿಡುತ್ತಾನೆ, ಆ ಕಂಪನಿಯೂ ಹಾಳಾಗುತ್ತದೆ. ಕೆಟ್ಟ ಆಫೀಸು ಬಾಸ್ ಒಬ್ಬರಿಂದ ಆಗುವುದಿಲ್ಲ, ಅದು ನಮ್ಮ ಮೈಗೆ ಅಂಟಿರುತ್ತದೆ ಅಂತ ಇಷ್ಟು ನೇರವಾಗಿ ಹೇಳುವುದಕ್ಕೆ ಧೈರ್ಯ ಬೇಕು. ಕಂಪನಿ ಬದಲಾಯಿಸಿದ ಮೇಲೂ ಎಲ್ಲದಕ್ಕೂ ಹತ್ತು ಜನರನ್ನ ಸಿಸಿ ಹಾಕಿ ಮೇಲ್ ಮಾಡುವವರನ್ನ ನಾವೆಲ್ಲ ನೋಡಿಲ್ವಾ?

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಎಲ್ಬೋನಿಯಾ ಅನ್ನೋ ಕಲ್ಪನೆಯ ದೇಶ ಒಂದು ಬರುತ್ತದೆ. ಬಡ ದೇಶ, ಎಲ್ಲೆಲ್ಲೂ ಸೊಂಟದವರೆಗೆ ಕೆಸರು, ಅಲ್ಲಿನ ಜನ ಅಂದರೆ ಸೀರಿಯಲ್‌ಗೆ ಬರೀ ತಮಾಷೆ. ಡಿಲ್ಬರ್ಟ್ ಮತ್ತು ಜೊತೆಯವರು ಅಲ್ಲಿನ ಫ್ಯಾಕ್ಟರಿ ನೋಡೋಕೆ ಹೋಗುತ್ತಾರೆ. ಅಮೆರಿಕದಲ್ಲಿ ಕೂತು ನೋಡುವವರು ವಿಮಾನದಲ್ಲಿ ಬಂದಿಳಿಯುವವರ ಕಡೆ ಇರುತ್ತಾರೆ. ನಾವು ಬರಮಾಡಿಕೊಳ್ಳುವವರ ಕಡೆ. ಹೊರದೇಶದ ಕಸ್ಟಮರ್ ಆಡಿಟ್‌ಗೆ ಬರುತ್ತಾರೆ ಅಂದರೆ ಹಿಂದಿನ ರಾತ್ರಿಯೆಲ್ಲ ನೆಲಕ್ಕೆ ಹಳದಿ ಗೆರೆ ಬಳಿಯುವುದು, ಹೊಸ ಯೂನಿಫಾರ್ಮ್ ಹಂಚುವುದು, ಗೇಟಲ್ಲಿ ಹಾರ ಹಿಡಿದು ನಿಲ್ಲುವುದು, ಅವರು ಬಂದ ಮೇಲೆ ನಮ್ಮ ಇಂಗ್ಲಿಷ್ ಕೇಳಿ ನಗು ತಡೆದುಕೊಳ್ಳುವುದನ್ನ ನೋಡಿಯೂ ನೋಡದ ಹಾಗೆ ಇರುವುದು, ಇದೆಲ್ಲ ನಮ್ಮ ಅನುಭವ. ಹಾಗಾಗಿ ಅಲ್ಲಿನವರನ್ನ ದಡ್ಡರ ಹಾಗೆ ತೋರಿಸಿದ್ದು ನನಗೆ ಹಿಡಿಸಲಿಲ್ಲ. ಆ ಫ್ಯಾಕ್ಟರಿಯೊಳಗೂ ಒಬ್ಬ ಡಿಲ್ಬರ್ಟ್ ಇರುತ್ತಾನೆ, ಅವನಿಗೂ ಒಬ್ಬ ಬಾಸ್ ಇರುತ್ತಾನೆ. ಅವನ ಕಥೆ ಮಾಡಿದ್ದರೆ ಇನ್ನೊಂದು ಸೀಸನ್ ಆಗುತ್ತಿತ್ತು. ಅಸೋಕ್ ಅನ್ನೋ ಭಾರತೀಯ ಇಂಟರ್ನ್ ಪಾತ್ರದ ಉಚ್ಚಾರಣೆಯೂ ಹಾಗೇ, ಅಮೆರಿಕದ ನಟ ಟಾಮ್ ಕೆನ್ನಿ ಮಾಡಿದ ಅನುಕರಣೆ. ಕೇಳುವಾಗ ಕಿರಿಕಿರಿ ಆಗುತ್ತದೆ.

ಸ್ಕಾಟ್ ಆಡಮ್ಸ್ 2023ರಲ್ಲಿ ಕಪ್ಪು ಜನರ ಬಗ್ಗೆ ಆಡಿದ ಮಾತುಗಳು ಕೊಳಕು. ನೂರಾರು ಪತ್ರಿಕೆಗಳು ಸ್ಟ್ರಿಪ್ ನಿಲ್ಲಿಸಿದವು, ಸರಿಯಾಗಿಯೇ ಮಾಡಿದವು. ಇದನ್ನ ಹೇಳದೆ ಈ ಸೀರಿಯಲ್ ನೋಡಿ ಅಂತ ನಾನು ಹೇಳೋಕಾಗಲ್ಲ. ಸೀರಿಯಲ್ ಹಿಂದೆ ಇನ್ನೂ ಬಹಳ ಜನರ ಕೆಲಸ ಇದೆ, ಅದಕ್ಕಾಗಿ ನಾನು ಇನ್ನೂ ನೋಡುತ್ತೇನೆ. ಬೇಡ ಅನ್ನುವವರ ಜೊತೆ ನನ್ನ ಜಗಳ ಇಲ್ಲ.

ನಾನು ಮತ್ತೆ ಮತ್ತೆ ನೋಡುವುದು ದಿ ನ್ಯಾಕ್, ಅಂದರೆ ಕೈಚಳಕ, ಅನ್ನೋ ಎಪಿಸೋಡ್. ಇದರ ಒಂದು ತುಣುಕು ಇಂಜಿನಿಯರ್‌ಗಳ ಗ್ರೂಪುಗಳಲ್ಲಿ ಇವತ್ತಿಗೂ ಓಡಾಡುತ್ತದೆ, ಎಲ್ಲಿಂದ ಬಂದದ್ದು ಅಂತ ಕಳಿಸುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಪುಟ್ಟ ಡಿಲ್ಬರ್ಟ್ ಮನೆಯ ಟಿವಿ, ಗಡಿಯಾರ ಎಲ್ಲ ಬಿಚ್ಚಿ ಅದರಲ್ಲೇ ಹ್ಯಾಮ್ ರೇಡಿಯೊ ಮಾಡಿಬಿಟ್ಟಿರುತ್ತಾನೆ. ಗಾಬರಿಯಾದ ಅಮ್ಮ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಇವನು ಇಂಜಿನಿಯರ್ ಆಗುತ್ತಾನೆ ಅಂತ ಡಾಕ್ಟರ್ ದೊಡ್ಡ ಕಾಯಿಲೆ ಹೇಳುವ ಹಾಗೆ ಹೇಳುತ್ತಾನೆ, ಅಮ್ಮ ಅಳುತ್ತಾಳೆ. ಎಲ್ಲರೂ ಹಂಚಿಕೊಳ್ಳುವುದು ಇಷ್ಟೇ. ಎಪಿಸೋಡಿನ ಕಥೆ ಬೇರೆ. ದೊಡ್ಡವನಾದ ಡಿಲ್ಬರ್ಟ್ ಅಪ್ಪಿತಪ್ಪಿ ಬಾಸ್‌ನ ಕಪ್ಪಿನಿಂದ ಕುಡಿಯುತ್ತಾನೆ. ಮ್ಯಾನೇಜರ್ ಗುಣ ಮೈಗೆ ಸೇರಿ ಅವನ ಕೈಚಳಕವೇ ಹೋಗಿಬಿಡುತ್ತದೆ. ಮುಟ್ಟಿದ್ದೆಲ್ಲ ಕೆಡುತ್ತದೆ, ಕೊನೆಗೆ ಲೋಕವೇ ಕತ್ತಲ ಕಾಲಕ್ಕೆ ಜಾರುತ್ತದೆ.

ಇಲ್ಲೇ ನನಗೆ ಈ ಸೀರಿಯಲ್ ಉಳಿದ ಆಫೀಸ್ ಕಾಮಿಡಿಗಳಿಗಿಂತ ಬೇರೆ ಅನ್ನಿಸುವುದು. ಬೇರೆ ಕಡೆಯೆಲ್ಲ ಕೆಲಸ ಅಂದರೆ ಬೋರು, ಎಲ್ಲರೂ ಆರು ಗಂಟೆ ಆಗೋದನ್ನೇ ಕಾಯುತ್ತಾರೆ. ಡಿಲ್ಬರ್ಟ್‌ಗೆ ಕೆಲಸ ಇಷ್ಟ. ಅವನಿಗೆ ಏನಾದರೂ ಮಾಡಬೇಕು, ಅದು ಸರಿಯಾಗಿ ಓಡಬೇಕು. ಅವನ ಜೊತೆ ಕೆಲಸ ಮಾಡುವ ಆಲಿಸ್‌ಗೂ ಹಾಗೇ, ಅವಳ ಸಿಟ್ಟೆಲ್ಲ ಕೆಲಸ ಕೆಡಿಸುವವರ ಮೇಲೆ. ಲೇತ್ ಮುಂದೆ ನಿಂತ ನಮ್ಮ ಹುಡುಗರು ಒಂದು ಪೀಸ್ ಕರೆಕ್ಟಾಗಿ ಬಂದಾಗ ಅದನ್ನ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರಲ್ಲ, ಆ ಖುಷಿ ಗೊತ್ತಿರುವವರು ಬರೆದ ಸೀರಿಯಲ್ ಇದು. ಅದಕ್ಕೇ ಬಾಸ್ ಬಂದು ಕೆಡಿಸಿದಾಗ ನೋವಾಗುತ್ತದೆ.

ಶುರು ಮಾಡುವವರು ಮೊದಲ ಸೀಸನ್ ಸಾಲಾಗಿ ನೋಡಿ, ಎಪಿಸೋಡ್ ಬಿಟ್ಟು ಬಿಟ್ಟು ನೋಡಿದರೆ ಗ್ರಂಟ್‌ಮಾಸ್ಟರ್ ಕಥೆ ಕೈತಪ್ಪುತ್ತದೆ. 2000ನೇ ಇಸವಿ ಬಂದಾಗ ಹಳೇ ಕಂಪ್ಯೂಟರ್‌ಗಳು ತಾರೀಖು ತಪ್ಪಿ ಕೆಡುತ್ತವೆ ಅನ್ನೋ ಭಯದ ಮೇಲಿನ ವೈ2ಕೆ ಎಪಿಸೋಡನ್ನ ಹಳೇ ಸಿಸ್ಟಮ್ ನೋಡಿಕೊಳ್ಳುವ ಐಟಿಯವರು ಬಿಡಬಾರದು. ಎರಡನೇ ಸೀಸನ್ನಿನಲ್ಲಿ ಕಥೆ ಆಫೀಸು ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ, ಕೊನೆಯಲ್ಲಂತೂ ಡಿಲ್ಬರ್ಟೇ ಬಸುರಿ ಆಗುತ್ತಾನೆ. ಆ ಕೊನೆಯ ಎರಡು ಎಪಿಸೋಡ್ ನೋಡದಿದ್ದರೂ ನಡೆಯುತ್ತದೆ.