ಓದುವಾಗ ಅರ್ಥವಾದ ಗಣಿತ ಬರೆಯುವಾಗ ಎಲ್ಲಿಗೆ ಹೋಗುತ್ತದೆ?

ನಾನು ಗಣಿತ ಹೇಳಿಕೊಡುವವನು ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ನೀವು ಬಿಡಿಸಿ ತೋರಿಸುವಾಗ ಎಲ್ಲ ಅರ್ಥವಾಗುತ್ತದೆ. ಪುಸ್ತಕ ಮುಚ್ಚಿ ನಾನೇ ಮಾಡಲು ಕುಳಿತರೆ ಮೊದಲ ಸಾಲೇ ಹೊಳೆಯುವುದಿಲ್ಲ. ನನ್ನ ತಲೆಗೆ ಗಣಿತ ಹತ್ತುವುದೇ ಇಲ್ಲವೇ?" ಹೀಗೆ ಕೇಳುವವರಲ್ಲಿ ಶಾಲೆಯ ಮಕ್ಕಳಿದ್ದಾರೆ, ಮಕ್ಕಳಿಗೆ ಹೇಳಿಕೊಡಲು ಹೋಗಿ ತಾವೇ ಸಿಕ್ಕಿಬಿದ್ದ ಅಪ್ಪ ಅಮ್ಮಂದಿರೂ ಇದ್ದಾರೆ.

ತಲೆಯನ್ನು ದೂರುವುದು ಬೇಡ. ನನಗೆ ಅನುಮಾನ ಇರುವುದು 'ಅರ್ಥವಾಗುತ್ತದೆ' ಎಂಬ ಮಾತಿನ ಮೇಲೆ. ಬಿಡಿಸಿದ ಲೆಕ್ಕವನ್ನು ಓದುವಾಗ ಒಂದು ಸಾಲಿನಿಂದ ಮುಂದಿನ ಸಾಲು ಬಂದದ್ದು ಸರಿಯೇ ಎಂದಷ್ಟೇ ನೋಡುತ್ತೇವೆ. ಸರಿ ಇರುತ್ತದೆ, ತಲೆಯಾಡಿಸುತ್ತೇವೆ. ಆ ಸಾಲನ್ನೇ ಏಕೆ ಬರೆದರು, ಬೇರೆ ಯಾವ ದಾರಿ ಇತ್ತು, ಅದನ್ನು ಏಕೆ ಬಿಟ್ಟರು ಎಂಬುದು ಹಾಳೆಯ ಮೇಲೆ ಇರುವುದಿಲ್ಲ. ಸ್ವಂತವಾಗಿ ಬಿಡಿಸುವವನಿಗೆ ಬೇಕಾದದ್ದು ಅದೇ.

ಬೆಸ ಸಂಖ್ಯೆಗಳನ್ನು ಕ್ರಮವಾಗಿ ಕೂಡುತ್ತ ಹೋಗಿ. 1, 1+3=4, 1+3+5=9, 1+3+5+7=16. ಬಂದದ್ದೆಲ್ಲ ವರ್ಗಸಂಖ್ಯೆಗಳು. ಇದನ್ನು ಸಾಧಿಸಲು ಒಂದು ಸಿದ್ಧ ವಿಧಾನವಿದೆ: ಒಂದು ಹಂತಕ್ಕೆ ನಿಜವೆಂದು ಇಟ್ಟುಕೊಳ್ಳಿ, ಮುಂದಿನ ಹಂತಕ್ಕೂ ನಿಜವೆಂದು ತೋರಿಸಿ. ನಾಲ್ಕು ಸಾಲು, ಎಲ್ಲಿಯೂ ತಪ್ಪು ಹುಡುಕಲಾಗದು. ಮರುದಿನ ಕೇಳಿದರೆ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಈಗ ಹಾಳೆಯ ಮೇಲೆ ಒಂದು ಚುಕ್ಕೆ ಇಡಿ. ಅದರ ಬಲಕ್ಕೊಂದು, ಕೆಳಗೊಂದು, ಮೂಲೆಗೊಂದು, ಹೀಗೆ ಮೂರು ಚುಕ್ಕೆ ಸೇರಿಸಿದರೆ ಎರಡು ಸಾಲು, ಎರಡು ಕಂಬಸಾಲಿನ ಚೌಕವಾಯಿತು. ಅದರ ಬಲಗಡೆಗೂ ಕೆಳಗಡೆಗೂ ಐದು ಚುಕ್ಕೆ ಹೊಂದಿಸಿದರೆ ಇನ್ನೂ ದೊಡ್ಡ ಚೌಕ. ಪ್ರತಿ ಸಲವೂ ಎರಡೂ ಅಂಚು ಒಂದೊಂದು ಚುಕ್ಕೆಯಷ್ಟು ಉದ್ದವಾಗುವುದರಿಂದ ಹಿಂದಿನದಕ್ಕಿಂತ ಎರಡು ಚುಕ್ಕೆ ಹೆಚ್ಚು ಬೇಕಾಗುತ್ತದೆ.

ಇದನ್ನು ನೋಡಿದವರೆಲ್ಲ 'ಓಹೋ' ಎನ್ನುತ್ತಾರೆ. ಆ ಓಹೋವನ್ನೂ ನಾನು ನಂಬುವುದಿಲ್ಲ. ಒಮ್ಮೆ ಒಬ್ಬ ಹುಡುಗಿಗೆ ಹಾಳೆ ತಿರುವಿಕೊಟ್ಟು, "ಸಮ ಸಂಖ್ಯೆಗಳನ್ನು ಕೂಡಿದರೆ ಏನಾಗುತ್ತದೆ?" ಎಂದು ಕೇಳಿದೆ. ಎರಡು ಚುಕ್ಕೆ ಅಕ್ಕಪಕ್ಕ ಇಟ್ಟಳು. ಅದರ ಸುತ್ತ ನಾಲ್ಕನ್ನು ಹೊಂದಿಸಲು ಎರಡು ಸಲ ಅಳಿಸಿದಳು. "ಚೌಕ ಆಗುತ್ತಿಲ್ಲ ಸರ್, ಒಂದು ಕಡೆ ಉದ್ದವೇ ಉಳಿಯುತ್ತದೆ" ಎಂದಳು. ಇರಲಿ, ಮುಂದುವರಿಸು ಎಂದೆ. 2+4 ಎಂದರೆ ಎರಡು ಮೂರಲ ಆರು, 2+4+6 ಎಂದರೆ ಮೂರು ನಾಲ್ಕಲ ಹನ್ನೆರಡು, ಎಂಟು ಸೇರಿಸಿದರೆ ನಾಲ್ಕು ಐದಲ ಇಪ್ಪತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರ ಅರ್ಧ ಮಾಡಿದರೆ 1+2+3+4 ಬರುತ್ತದಲ್ಲವೇ?" ಎಂದಳು. ಆ ಮೊತ್ತದ ಸೂತ್ರವನ್ನು ಅವಳು ಹಿಂದೆಯೇ ಉರು ಹೊಡೆದಿದ್ದಳು. ಅದೇ ಇದು ಎಂದು ಹೊಳೆಯಲು ಮತ್ತೂ ಐದು ನಿಮಿಷ ಹಿಡಿಯಿತು. ನಾನು ಬಾಯಿ ಹಾಕದೆ ಕುಳಿತದ್ದು ಆ ದಿನದ ನನ್ನ ದೊಡ್ಡ ಸಾಧನೆ.

ಇನ್ನೊಂದು ವಿಷಯ ನನಗೆ ಬಹಳ ಸಮಾಧಾನ ಕೊಟ್ಟಿದೆ. ಕಲಿಕೆಯ ಬಗ್ಗೆ ಸಂಶೋಧನೆ ಮಾಡುವ ಮನೋವಿಜ್ಞಾನಿ ಮಿಶೆಲೀನ್ ಚಿ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಭೌತವಿಜ್ಞಾನದ ಬಿಡಿಸಿದ ಲೆಕ್ಕಗಳನ್ನು ಓದುತ್ತ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಆಮೇಲೆ ಚೆನ್ನಾಗಿ ಲೆಕ್ಕ ಮಾಡಿದವರೇ ಓದುವಾಗ ಹೆಚ್ಚು ಸಲ 'ಇದು ಗೊತ್ತಾಗಲಿಲ್ಲ' ಎಂದು ತಡವರಿಸಿದವರು. ಹಿಂದೆ ಬಿದ್ದವರಿಗೆ ಓದುವಾಗ ಎಲ್ಲವೂ ಸಲೀಸಾಗಿಯೇ ಕಂಡಿತ್ತು.

ಕಲಿಸುವವರೂ ಇದರಿಂದ ಹೊರತಲ್ಲ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆ ಲೆಕ್ಕಕ್ಕೆ ಹೊಂದುವ ಒಂದು ಸನ್ನಿವೇಶ ಹೇಳಿ ಎಂದು ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಕೇಳಿದ್ದರು. ಅಮೆರಿಕದ 23 ಶಿಕ್ಷಕರಲ್ಲಿ ಸರಿಯಾದ ಉತ್ತರ ಮುಟ್ಟಿದವರು 9 ಮಂದಿ, ಅರ್ಥಕ್ಕೆ ಸರಿಹೊಂದುವ ಸನ್ನಿವೇಶ ಹೇಳಿದವರು ಒಬ್ಬರೇ. ಚೀನಾದ 72 ಶಿಕ್ಷಕರಲ್ಲಿ ಉತ್ತರ ಎಲ್ಲರದೂ ಸರಿ, ಸನ್ನಿವೇಶವೂ ಹೆಚ್ಚಿನವರದು ಸರಿ. ಎಡವಿದವರಲ್ಲಿ ಹಲವರು ಅರ್ಧದಿಂದ ಭಾಗಿಸುವುದನ್ನು ಎರಡು ಪಾಲು ಮಾಡುವುದೆಂದು ತಿಳಿದಿದ್ದರು. ಒಂದೂಮುಕ್ಕಾಲು ಮೀಟರ್ ಹಗ್ಗದಲ್ಲಿ ಅರ್ಧ ಮೀಟರಿನ ತುಂಡು ಎಷ್ಟು ಎಂದು ಕೇಳಿ ನೋಡಿ. ಮೂರೂವರೆ ಎಂದು ಬಾಯಲ್ಲೇ ಹೇಳಬಹುದು. ಭಾಗಿಸುವ ಭಿನ್ನರಾಶಿಯನ್ನು 'ತಿರುಗಿಸಿ ಗುಣಿಸು' ಎಂಬ ನಿಯಮ ಗೊತ್ತಿದ್ದವನಿಗೆ ಈ ಹಗ್ಗ ಕಾಣಿಸದೇ ಇರಬಹುದು.

ಹಾಗೆಂದು ಬಾಯಿಪಾಠವೇ ಬೇಡ ಎನ್ನುವವರನ್ನು ಕಂಡರೂ ನನಗೆ ಆಗುವುದಿಲ್ಲ. ಒಂದೇ ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳು ಬೆರಳೆಣಿಕೆಯಷ್ಟು. ಏಳೆಂಟಲ ಎಷ್ಟು ಎಂದು ಹುಡುಕುತ್ತ ಕುಳಿತವನಿಗೆ ಬೀಜಗಣಿತದ ಮುಂದಿನ ಹೆಜ್ಜೆ ಯೋಚಿಸಲು ಜಾಗವೇ ಉಳಿಯುವುದಿಲ್ಲ. ಮಗ್ಗಿ ಬರಲಿ. ಅರ್ಥ ಮೊದಲೋ ಅಭ್ಯಾಸ ಮೊದಲೋ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಕೆಲವು ಸಲ ಇಪ್ಪತ್ತು ಲೆಕ್ಕ ಯಾಂತ್ರಿಕವಾಗಿ ಮಾಡಿದ ಮೇಲೆಯೇ, ಇದೇಕೆ ಹೀಗೆ ಎಂಬ ಪ್ರಶ್ನೆ ಹುಟ್ಟುತ್ತದೆ.

ಏನು ಮಾಡಬೇಕು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ. ಬಿಡಿಸಿದ ಲೆಕ್ಕವನ್ನು ಓದುವಾಗ ಮುಂದಿನ ಸಾಲಿನ ಮೇಲೆ ಕಾಗದ ಮುಚ್ಚಿ. ಅಲ್ಲಿ ಏನು ಬರಬಹುದೆಂದು ಬರೆದುಕೊಂಡು ಆಮೇಲೆ ಕಾಗದ ಸರಿಸಿ. ನೀವು ಬರೆದದ್ದು ಬೇರೆಯಾಗಿದ್ದರೆ ಪುಟ ತಿರುವಬೇಡಿ, ನಿಮ್ಮ ದಾರಿ ಎಲ್ಲಿ ನಿಲ್ಲುತ್ತದೆ ನೋಡಿ. ಒಂದು ಗಂಟೆಯಲ್ಲಿ ಎಂಟು ಲೆಕ್ಕ ಓದುತ್ತಿದ್ದವರು ಎರಡಕ್ಕೆ ಇಳಿಯುತ್ತಾರೆ. ಹೊತ್ತು ಹಾಳಾಯಿತೆಂದು ನನ್ನ ಮೇಲೆ ಸಿಟ್ಟಾದವರೂ ಇದ್ದಾರೆ.

ಆ ಹುಡುಗಿಗೆ ಹೊರಡುವ ಮುನ್ನ ಇನ್ನೊಂದು ಲೆಕ್ಕ ಕೊಟ್ಟಿದ್ದೆ. ನಿಮಗೂ ಇರಲಿ. ಘನಸಂಖ್ಯೆಗಳನ್ನು ಕೂಡುತ್ತ ಹೋಗಿ: 1, 1+8=9, 1+8+27=36, 1+8+27+64=100. ಇವೂ ಚೌಕಗಳೇ, ಬದಿಗಳು 1, 3, 6, 10. ಆರರ ಬದಿಯ ಚೌಕದ ಸುತ್ತ ಅರುವತ್ತನಾಲ್ಕು ಚುಕ್ಕೆಗಳನ್ನು ಹೇಗೆ ಜೋಡಿಸುತ್ತೀರಿ?