ಹೋವರ್ಡ್ ಕೌಂಟಿಯ ಶಾಲಾ ಗೆರೆಗಳು ಮತ್ತು ಮನೆಯ ಬೆಲೆ

ಮೇರಿಲ್ಯಾಂಡಿನ ಹೋವರ್ಡ್ ಕೌಂಟಿಯಲ್ಲಿ ನೆಲೆಸಿರುವ ಕನ್ನಡಿಗರು ಹೊಸದಾಗಿ ಪರಿಚಯವಾದಾಗ ಊರು, ಕೆಲಸ, ವೀಸಾಗಳ ಮಾತು ಮುಗಿದ ಮೇಲೆ ತಪ್ಪದೆ ಬರುವ ಪ್ರಶ್ನೆ, ‘ನಿಮ್ಮದು ಯಾವ ಹೈಸ್ಕೂಲು?’ ಎಂಬುದು. ಮಕ್ಕಳು ಇನ್ನೂ ತೊಟ್ಟಿಲಲ್ಲಿರುವ ಮನೆಗಳಲ್ಲಿಯೂ ಇದಕ್ಕೆ ಉತ್ತರ ಸಿದ್ಧವಿರುತ್ತದೆ. ಮನೆ ಕೊಳ್ಳುವಾಗ ಅಡುಗೆಮನೆಯ ದಿಕ್ಕನ್ನು ಮತ್ತು ಶಾಲೆಯ ಹೆಸರನ್ನು ಒಟ್ಟಿಗೆ ವಿಚಾರಿಸುವವರು ನಾವು. ದಿಕ್ಕಿನ ವಿಷಯದಲ್ಲಿ ಹೊಂದಾಣಿಕೆ ಮಾಡಿಕೊಂಡವರನ್ನು ಬಲ್ಲೆ, ಶಾಲೆಯ ವಿಷಯದಲ್ಲಿ ಮಾಡಿಕೊಂಡವರು ಅಪರೂಪ. ಇಂಥ ಊರಿನಲ್ಲಿ 2019ರಲ್ಲಿ ಶಾಲಾ ಗಡಿಗಳನ್ನು ಹೊಸದಾಗಿ ಗೀಚಲು ಹೊರಟಾಗ ಎದ್ದ ಗಲಾಟೆಯ ಬಗ್ಗೆ ಇಷ್ಟು ವರ್ಷಗಳ ನಂತರ ಸ್ವಲ್ಪ ಸಮಾಧಾನದಿಂದ ಬರೆಯಬಹುದೆಂದು ತೋರುತ್ತದೆ.

ಅಮೆರಿಕದ ಸರ್ಕಾರಿ ಶಾಲೆಗೆ ಸೇರಲು ಸಾಮಾನ್ಯವಾಗಿ ಶುಲ್ಕವಾಗಲಿ ಸಂದರ್ಶನವಾಗಲಿ ಇರುವುದಿಲ್ಲ, ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ಹೋವರ್ಡ್ ಕೌಂಟಿಯ ಶಾಲಾ ಆಡಳಿತವು ಇಡೀ ಕೌಂಟಿಯ ನಕ್ಷೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟಿದೆ. ಅದಕ್ಕೆ ಪಾಲಿಗನ್ ಎಂದು ಹೆಸರು. ಒಂದೊಂದು ಪಾಲಿಗನ್ನಿಗೂ ಒಂದು ಪ್ರಾಥಮಿಕ, ಒಂದು ಮಾಧ್ಯಮಿಕ ಮತ್ತು ಒಂದು ಪ್ರೌಢಶಾಲೆ ಗೊತ್ತಾಗಿರುತ್ತವೆ. ಶಾಲೆಯಲ್ಲಿ ಮಕ್ಕಳು ಹೆಚ್ಚಾಗಿ, ಹಿತ್ತಲಿನಲ್ಲಿ ಪೋರ್ಟಬಲ್ ಎಂದು ಕರೆಯುವ ತಾತ್ಕಾಲಿಕ ಕೋಣೆಗಳು ಸಾಲುಗಟ್ಟಿ ನಿಂತಾಗ, ಶಾಲಾ ಮಂಡಳಿಯು ಕೆಲವು ಪಾಲಿಗನ್ನುಗಳನ್ನು ಎತ್ತಿ ಪಕ್ಕದ ಶಾಲೆಗೆ ಸೇರಿಸುತ್ತದೆ. ಇದೇ ರೀಡಿಸ್ಟ್ರಿಕ್ಟಿಂಗ್. ಮುಂದಿನದನ್ನು ಅರ್ಥ ಮಾಡಿಕೊಳ್ಳಲು ಒಂದು ಸಂಗತಿ ನೆನಪಿರಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಊರಿಗೊಂದು ಪ್ರತ್ಯೇಕ ಶಾಲಾ ಜಿಲ್ಲೆಯಿದ್ದು, ಆ ಊರಿನ ಆಸ್ತಿ ತೆರಿಗೆಯೇ ಶಾಲೆಯ ಬೊಕ್ಕಸದ ದೊಡ್ಡ ಪಾಲಾದ್ದರಿಂದ ಗೆರೆ ದಾಟಿದರೆ ಶಾಲೆಗೆ ಸಿಗುವ ಹಣವೇ ಬದಲಾಗುತ್ತದೆ. ಆ ಅಸಮಾನತೆ ಒಕ್ಕೂಟದ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1973ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಪ್ರಕರಣದಲ್ಲಿ ಹೇಳಿತು. ಮೇರಿಲ್ಯಾಂಡಿನಲ್ಲಾದರೋ ಇಡೀ ಕೌಂಟಿಗೆ ಒಂದೇ ಶಾಲಾ ಜಿಲ್ಲೆ. ಶಿಕ್ಷಕರ ಸಂಬಳದ ಶ್ರೇಣಿ, ಪಠ್ಯಕ್ರಮ, ಹಳದಿ ಬಸ್ಸು ಎಲ್ಲವೂ ಒಂದೇ ಖಜಾನೆಯಿಂದ ಬರುವಂಥವು. ಹೀಗಿರುವಾಗ ಗೆರೆಯ ಈಚೆಗೂ ಆಚೆಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಮಕ್ಕಳು ಯಾರ ಮನೆಯವರು ಎಂಬುದೊಂದೇ.

2019ರ ಆಗಸ್ಟಿನಲ್ಲಿ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್ ಮೈಕಲ್ ಮಾರ್ಟಿರಾನೊ ಮುಂದಿಟ್ಟ ಯೋಜನೆಯಲ್ಲಿ ಸುಮಾರು 58,000 ಮಕ್ಕಳ ಪೈಕಿ 7,400ರಷ್ಟು ಮಕ್ಕಳು ಶಾಲೆ ಬದಲಾಯಿಸಬೇಕಿತ್ತು. ತುಂಬಿ ತುಳುಕುತ್ತಿದ್ದ ಶಾಲೆಗಳಿಂದ ಖಾಲಿ ಜಾಗವಿರುವ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವುದು ಅದರ ಒಂದು ಉದ್ದೇಶವಾದರೆ, ಬಡ ಮನೆಗಳ ಮಕ್ಕಳು ಕೆಲವೇ ಶಾಲೆಗಳಲ್ಲಿ ಗುಂಪಾಗಿರುವುದನ್ನು ತಗ್ಗಿಸುವುದು ಇನ್ನೊಂದು. ಬಡತನವನ್ನು ಅಳೆಯಲು ಬಳಸಿದ್ದು ‘ಫಾರ್ಮ್ಸ್’ ಎಂಬ ಅಂಕಿಯನ್ನು, ಅಂದರೆ ಒಕ್ಕೂಟ ಸರ್ಕಾರದ ನಿಯಮದಂತೆ ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾದ ಮಕ್ಕಳ ಪ್ರಮಾಣವನ್ನು. ವೈಲ್ಡ್ ಲೇಕ್ ಹೈಸ್ಕೂಲಿನಲ್ಲಿ ಅದು ಶೇಕಡಾ 40ನ್ನು ಮೀರಿತ್ತು. ಕೆಲವೇ ಮೈಲಿ ಪಶ್ಚಿಮಕ್ಕಿರುವ ರಿವರ್ ಹಿಲ್ ಹೈಸ್ಕೂಲಿನಲ್ಲಿ ಶೇಕಡಾ 5ರ ಆಸುಪಾಸಿನಲ್ಲಿತ್ತು. ಅದೇ ಹೊತ್ತಿಗೆ ಕೌಂಟಿ ಕೌನ್ಸಿಲಿನ ಮೂವರು ಸದಸ್ಯರು, ಶಾಲೆಗಳಲ್ಲಿನ ಜನಾಂಗ ಮತ್ತು ಆದಾಯದ ಪ್ರತ್ಯೇಕತೆಯನ್ನು ತಗ್ಗಿಸಬೇಕೆಂದು ಒಂದು ಗೊತ್ತುವಳಿಯನ್ನೂ ಮಂಡಿಸಿದ್ದರಿಂದ, ಖಾಲಿ ಬೆಂಚುಗಳ ಲೆಕ್ಕಾಚಾರವಾಗಿ ಮುಗಿಯಬಹುದಾಗಿದ್ದ ಮಾತು ಮೊದಲ ದಿನದಿಂದಲೇ ಕಾವೇರಿತು.

ಈ ಎರಡು ಶಾಲೆಗಳ ಹೆಸರು ಎದುರುಬದುರಾಗಿ ನಿಂತದ್ದರಲ್ಲಿ ಒಂದು ವಿಪರ್ಯಾಸವಿದೆ. ಎರಡೂ ಹೆಸರುಗಳು ಕೊಲಂಬಿಯಾ ಎಂಬ ಒಂದೇ ಊರಿಗೆ ಸೇರಿದವು. ಜೇಮ್ಸ್ ರೌಸ್ ಎಂಬ ಉದ್ಯಮಿ ಹೊಲಗದ್ದೆಗಳನ್ನು ಕೊಂಡು, 1967ರಲ್ಲಿ ಜನವಸತಿಗೆ ತೆರೆದ ಈ ಊರಿನ ಕಲ್ಪನೆಯಲ್ಲಿಯೇ ಕರಿಯರೂ ಬಿಳಿಯರೂ, ಕಂಪನಿಯ ಮುಖ್ಯಸ್ಥನೂ ಅಲ್ಲಿ ಕಸ ಗುಡಿಸುವವನೂ ಅಕ್ಕಪಕ್ಕದಲ್ಲಿ ಬದುಕಬೇಕೆಂಬ ಆಶಯವಿತ್ತು. ಟಪಾಲು ಪೆಟ್ಟಿಗೆಗಳನ್ನು ಮನೆಗೊಂದರಂತೆ ಇಡದೆ ಒಂದೆಡೆ ಗುಂಪಾಗಿ ಇಟ್ಟದ್ದು, ಕಾಗದ ತರಲು ಹೋದ ನೆರೆಹೊರೆಯವರು ಅಲ್ಲಿ ಭೇಟಿಯಾಗಲೆಂದು. ವೈಲ್ಡ್ ಲೇಕ್ ಆ ಊರಿನ ಮೊದಲ ಬಡಾವಣೆ, ರಿವರ್ ಹಿಲ್ ಕೊನೆಯದು. ಮೊದಲನೆಯದು ಅರವತ್ತರ ದಶಕದ ಆದರ್ಶದ ಕಾಲದಲ್ಲಿ ಅಪಾರ್ಟ್‌ಮೆಂಟುಗಳು ಮತ್ತು ಕಡಿಮೆ ಬಾಡಿಗೆಯ ಮನೆಗಳನ್ನು ಒಳಗೊಂಡು ಬೆಳೆಯಿತು. ಕೊನೆಯದು ತೊಂಬತ್ತರ ದಶಕದಲ್ಲಿ, ಬಹುಮಟ್ಟಿಗೆ ದೊಡ್ಡ ಒಂಟಿ ಮನೆಗಳ ಬಡಾವಣೆಯಾಗಿ ರೂಪುಗೊಂಡಿತು. ಬಡಾವಣೆಗಳನ್ನು ಹೀಗೆ ಕಟ್ಟಿದ ಮೇಲೆ ಅವುಗಳ ಸುತ್ತ ನೇರವಾಗಿ ಗೆರೆ ಎಳೆದರೂ ಸಾಕು, ಶಾಲೆಗಳು ತಾವಾಗಿಯೇ ಬೇರೆ ಬೇರೆ ಆಗುತ್ತವೆ. ಕೊಲಂಬಿಯಾಕ್ಕೂ ಹಿಂದಿನ ಕಥೆ ಇನ್ನೂ ಕಹಿಯಾದದ್ದು. ಜನಾಂಗದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು 1954ರಲ್ಲಿಯೇ ತೀರ್ಪು ಬಂದಿದ್ದರೂ, ಇಲ್ಲಿನ ಕರಿಯ ಮಕ್ಕಳಿಗೆ ಮೀಸಲಾಗಿದ್ದ ಹ್ಯಾರಿಯೆಟ್ ಟಬ್‌ಮನ್ ಶಾಲೆ ಮುಚ್ಚಿದ್ದು 1965ರಲ್ಲಿ.

ಮಂಡಳಿಯವರು ಜನಾಂಗದ ಮಾತನ್ನು ಬಿಟ್ಟು ಊಟದ ಅಂಕಿಯನ್ನು ಏಕೆ ಹಿಡಿದರೆಂದು ಅನೇಕರು ಕೇಳಿದ್ದರು. ಸಿಯಾಟಲ್ ಮತ್ತು ಲೂಯಿವಿಲ್ ಶಾಲಾ ಜಿಲ್ಲೆಗಳ ಪ್ರಕರಣಗಳಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಬಂದ ತೀರ್ಮಾನದಂತೆ, ಒಂದೊಂದು ಮಗುವಿನ ಜನಾಂಗವನ್ನು ನೋಡಿ ಆ ಮಗುವಿಗೆ ಶಾಲೆ ನಿಗದಿ ಮಾಡುವ ಹಾಗಿಲ್ಲ. ಅಂದಿನಿಂದ ಮನೆಯ ಆದಾಯವೇ ಸುರಕ್ಷಿತವಾದ ಅಳತೆಗೋಲಾಗಿದೆ.

ಯೋಜನೆ ಹೊರಬಂದ ಮೇಲಿನ ಮೂರು ತಿಂಗಳು ಈ ಕೌಂಟಿಯಲ್ಲಿ ಬೇರೆ ಮಾತೇ ಇರಲಿಲ್ಲ. ಸಾರ್ವಜನಿಕ ವಿಚಾರಣೆಗಳು ರಾತ್ರಿಯವರೆಗೆ ನಡೆದವು. ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುತ್ತಿದ್ದ ಆ ಸರದಿಯಲ್ಲಿ ಅಪ್ಪ ಅಮ್ಮಂದಿರ ಜೊತೆಗೆ ಮಕ್ಕಳೂ ನಿಂತು ಮಾತನಾಡಿದರು. ಫಲಕಗಳನ್ನು ಹಿಡಿದ ಮೆರವಣಿಗೆಗಳಾದವು, ಪಾಲಿಗನ್ ಪಾಲಿಗನ್ನಿಗೂ ವಾಟ್ಸ್‌ಆ್ಯಪ್ ಗುಂಪುಗಳು ಹುಟ್ಟಿಕೊಂಡವು, ಸ್ಪ್ರೆಡ್‌ಶೀಟಿನಲ್ಲಿ ಪಳಗಿದ ನಮ್ಮವರು ಬಸ್ಸಿನ ಮಾರ್ಗ ಮತ್ತು ಸೀಟುಗಳ ಲೆಕ್ಕದಲ್ಲಿ ಶಾಲಾ ಆಡಳಿತದವರನ್ನೇ ಮೀರಿಸಿದರು. ಅಧಿಕಾರಿಗಳಿಗೆ ಬಂದ ಕೆಲವು ಪತ್ರಗಳಲ್ಲಿ ಕರಿಯ ಮಕ್ಕಳ ಬಗ್ಗೆ ನೇರವಾಗಿಯೇ ಹೀನಾಯವಾದ ಮಾತುಗಳಿದ್ದವು. ಸಭ್ಯತೆಯಿಂದ ನಡೆದುಕೊಳ್ಳಿ ಎಂದು ಹೇಳುವ ಹಸಿರು ಬಣ್ಣದ ಫಲಕವನ್ನು ಕಾರಿನ ಹಿಂಬದಿಗೆ ಅಂಟಿಸಿಕೊಂಡು ಓಡಾಡುವ ಊರಿದು ಎಂಬುದನ್ನು ಆ ದಿನಗಳಲ್ಲಿ ಪತ್ರಿಕೆಗಳವರು ಬಿಡದೆ ಎತ್ತಿ ಆಡಿದರು.

ವಿರೋಧಿಸಿದವರೆಲ್ಲ ಕೆಟ್ಟವರೆಂದು ಹೇಳುವುದು ಅನ್ಯಾಯವಾದೀತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯನ್ನು ಬಿಟ್ಟು ಬೆಳಗಿನ ಚಳಿಯಲ್ಲಿ ಮಗು ದೂರದ ಬಸ್ಸು ಹಿಡಿಯಬೇಕೆಂದರೆ ಯಾವ ತಾಯಿಗೂ ಕಸಿವಿಸಿಯಾಗುತ್ತದೆ. ಒಂದೇ ಮಾಧ್ಯಮಿಕ ಶಾಲೆಯ ಮಕ್ಕಳನ್ನು ಎರಡು ಮೂರು ಪ್ರೌಢಶಾಲೆಗಳಿಗೆ ಹರಿದು ಹಂಚಿದರೆ ಗೆಳೆತನಗಳು ಕಡಿಯುತ್ತವೆ ಎಂಬುದೂ ನಿಜ. ದೂರದ ಪ್ರಶ್ನೆ ಬಡವರಿಗೆ ಇನ್ನೂ ಹೆಚ್ಚು ಕಾಡುವಂಥದು: ಮನೆಯಲ್ಲಿ ಒಂದೇ ಕಾರು, ಅಥವಾ ಅದೂ ಇಲ್ಲದವರು, ಸಂಜೆಯ ಆಟ ಮುಗಿಸಿದ ಮಗುವನ್ನು ದೂರದ ಶಾಲೆಯಿಂದ ಕರೆತರುವುದು ಹೇಗೆ? ಈ ಕೊನೆಯ ವಾದವನ್ನು ಬಡವರ ಪರವಾಗಿ ಬಹಳ ಸಲ ಮಂಡಿಸಿದವರು ಎರಡು ಮೂರು ಕಾರುಗಳಿದ್ದ ಮನೆಯವರೇ ಎಂಬುದು ಬೇರೆ ಮಾತು. ಆ ವಿಚಾರಣೆಗಳಲ್ಲಿ ಕಡಿಮೆ ಬಾಡಿಗೆಯ ಮನೆಗಳಿಂದ ಬಂದ ದನಿ ಬಹಳ ಕ್ಷೀಣವಾಗಿತ್ತು. ಕೆಲಸದ ದಿನದ ಸಂಜೆ ಸರದಿಯಲ್ಲಿ ಕುಳಿತು ಕಾಯುವ ಬಿಡುವು ಯಾರಿಗಿರುತ್ತದೆ ಎಂದು ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೂ ದೂರ, ಬಸ್ಸು, ಗೆಳೆತನಗಳ ಮಾತು ಮುಗಿದು, ಚಹಾದ ಲೋಟ ಕೆಳಗಿಟ್ಟ ಮೇಲೆ ಬರುತ್ತಿದ್ದ ಮಾತು ಮನೆಯದು. ‘ಈ ಶಾಲೆಗೆಂದೇ ಅಷ್ಟು ಹಣ ಕೊಟ್ಟು ತೆಗೆದುಕೊಂಡೆವು’ ಎಂಬ ಅಳಲಿನಲ್ಲಿ ಸುಳ್ಳಿರಲಿಲ್ಲ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಶಾಲಾ ಗೆರೆಯ ಎರಡೂ ಬದಿಗೆ ಅಂಟಿಕೊಂಡಂತಿರುವ ಮನೆಗಳನ್ನಷ್ಟೇ ಹೋಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಥಮಿಕ ಶಾಲೆಯ ಪರೀಕ್ಷಾ ಅಂಕಗಳು ಶೇಕಡಾ 5ರಷ್ಟು ಹೆಚ್ಚಿದ್ದರೆ ಅದಕ್ಕಾಗಿ ತಂದೆತಾಯಿಗಳು ಮನೆಗೆ ಶೇಕಡಾ 2.5ರಷ್ಟು ಹೆಚ್ಚು ಬೆಲೆ ತೆರುತ್ತಿದ್ದರು. ಒಂದೇ ಬೀದಿ, ಒಂದೇ ಬಗೆಯ ಮನೆ, ನಡುವೆ ಕಣ್ಣಿಗೆ ಕಾಣದ ಒಂದು ಗೆರೆ, ಆ ಗೆರೆಗೊಂದು ಬೆಲೆ. ಶುಲ್ಕವಿಲ್ಲದ ಶಾಲೆ ಎನ್ನುತ್ತೇವೆ. ಶುಲ್ಕವು ಮೂವತ್ತು ವರ್ಷದ ಗೃಹಸಾಲದ ಕಂತಿನೊಳಗೆ ಸೇರಿಕೊಂಡಿರುತ್ತದೆ. ವಿಚಿತ್ರವೆಂದರೆ ಈ ಹಣ ಶಾಲೆಗೆ ತಲುಪುವುದಿಲ್ಲ, ಮನೆ ಮಾರಿದವನಿಗೆ ಹೋಗುತ್ತದೆ. ಶಾಲಾ ಮಂಡಳಿಯು ಯಾರಿಗೂ ಯಾವ ಶಾಲೆಯನ್ನೂ ಮಾರಿರಲಿಲ್ಲ, ಇಂಥ ವಿಳಾಸಕ್ಕೆ ಇಂಥದೇ ಶಾಲೆ ಖಾಯಂ ಎಂದು ಬರೆದುಕೊಟ್ಟಿರಲೂ ಇಲ್ಲ. ಹಾಗಿದ್ದರೂ ಮಾರಾಟದ ಜಾಹೀರಾತಿನಲ್ಲಿ ಮಲಗುವ ಕೋಣೆಗಳ ಸಂಖ್ಯೆಯ ಕೆಳಗೆ ಶಾಲೆಯ ಹೆಸರು ಅಚ್ಚಾಗಿರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಜಗಳದ ಬೇರು ಇಲ್ಲಿದೆ. ಒಂದು ಕಡೆಯವರು ಸಾರ್ವಜನಿಕ ಆಡಳಿತದ ನಿರ್ಧಾರವೊಂದನ್ನು ಚರ್ಚಿಸುತ್ತಿದ್ದೇವೆಂದು ತಿಳಿದಿದ್ದರು. ಇನ್ನೊಂದು ಕಡೆಯವರು ತಾವು ಬೆಲೆ ಕೊಟ್ಟು ಪಡೆದ ಆಸ್ತಿಯನ್ನು ಕಸಿದುಕೊಳ್ಳಲಾಗುತ್ತಿದೆ ಎಂದು ನಂಬಿದ್ದರು.

ನಮ್ಮವರ ನಿಲುವಿನ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು. ಈ ಕೌಂಟಿಯ ಶಾಲೆಗಳಲ್ಲಿ ಯಾವ ಒಂದು ಜನಾಂಗವೂ ಅರ್ಧಕ್ಕಿಂತ ಹೆಚ್ಚಿಲ್ಲ; ಏಷ್ಯಾ ಮೂಲದ ಮಕ್ಕಳು ಐವರಲ್ಲಿ ಒಬ್ಬರಿಗಿಂತ ಹೆಚ್ಚಿದ್ದಾರೆ, ಪ್ರತಿಭಟನೆಯಲ್ಲಿ ಚೀನೀಯರೂ ಭಾರತೀಯರೂ ಎದ್ದು ಕಾಣುವಷ್ಟಿದ್ದರು. ‘ಇಲ್ಲಿನ ಕರಿಯರಿಗೆ ಬಿಳಿಯರು ಮಾಡಿದ ಅನ್ಯಾಯಕ್ಕೆ ನಿನ್ನೆ ಬಂದ ನಾವೇಕೆ ದಂಡ ತೆರಬೇಕು?’ ಎಂದು ಹಲವರು ಕೇಳಿದರು. ಕಷ್ಟಪಟ್ಟು ಓದಿ, ದೇಶ ಬಿಟ್ಟು ಬಂದು, ಹಸಿರು ಕಾರ್ಡಿಗಾಗಿ ಕಾಯುತ್ತ, ಇರುವ ಉಳಿತಾಯವನ್ನೆಲ್ಲ ಮನೆಯ ಮೇಲೆ ಸುರಿದವರ ಬಾಯಲ್ಲಿ ಆ ಪ್ರಶ್ನೆ ಸಹಜವೇ. ಆದರೆ ನಾವು ಬೆಲೆ ಕೊಟ್ಟು ಕೊಂಡದ್ದು ಆ ಹಳೆಯ ಇತಿಹಾಸ ಬಿಟ್ಟುಹೋದ ನಕ್ಷೆಯನ್ನೇ. ನಕ್ಷೆಯ ಲಾಭ ಬೇಕು, ಅದರ ಚರಿತ್ರೆ ಮಾತ್ರ ನಮ್ಮದಲ್ಲ ಎನ್ನುವುದನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ಒಳ್ಳೆಯ ಕೇರಿ, ಕೆಟ್ಟ ಕೇರಿ ಎಂದು ಊರನ್ನು ಭಾಗ ಮಾಡಿ ನೋಡುವುದು ನಮಗೆ ಅಮೆರಿಕ ಕಲಿಸಿದ ವಿದ್ಯೆಯೂ ಅಲ್ಲ.

ಕರ್ನಾಟಕದಲ್ಲಿ ಇಂಥ ಜಗಳವನ್ನು ನಾನು ಕಂಡಿಲ್ಲ, ಅದಕ್ಕೆ ಕಾರಣ ನಾವು ಹೆಚ್ಚು ಉದಾರಿಗಳೆಂಬುದಲ್ಲ. ಎಲ್ಲ ವರ್ಗದ ಮಕ್ಕಳೂ ಸಮೀಪದ ಒಂದೇ ಶಾಲೆಗೆ ಹೋಗುವ ವ್ಯವಸ್ಥೆ ಬೇಕೆಂದು 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಿಫಾರಸು ಮಾಡಿತ್ತು. ಅನುಕೂಲಸ್ಥರು ಮಾತ್ರ ಸರ್ಕಾರಿ ಶಾಲೆಯನ್ನೇ ಬಿಟ್ಟು ನಡೆದರು. ಬಿಟ್ಟುಹೋದ ಶಾಲೆಯ ಗಡಿ ಎಲ್ಲಿದ್ದರೆ ಯಾರಿಗೇನು? ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸೀಟುಗಳು ಬಡ ಮಕ್ಕಳಿಗೆ ದೊರೆಯತೊಡಗಿದಾಗ ಎರಡು ವರ್ಗಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಒಂದು ಸಣ್ಣ ಬಾಗಿಲು ತೆರೆದಿತ್ತು. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದು ರಾಜ್ಯ ಸರ್ಕಾರ ನಿಯಮವನ್ನು ತಿದ್ದಿತು, ಹೈಕೋರ್ಟು ಅದನ್ನು 2019ರಲ್ಲಿ ಎತ್ತಿಹಿಡಿಯಿತು. ಹೋವರ್ಡ್ ಕೌಂಟಿಯ ಬೀದಿಗಳಲ್ಲಿ ಫಲಕಗಳು ಏಳುತ್ತಿದ್ದ ವರ್ಷವೇ ನಮ್ಮಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಅದರ ವಿರುದ್ಧ ಪೋಷಕರು ಹೋರಾಡಿದರಾದರೂ ಇಲ್ಲಿನಂತೆ ಇಡೀ ಊರು ಎದ್ದು ಕೂರಲಿಲ್ಲ. ಹಾಗೆ ನೋಡಿದರೆ ಹೋವರ್ಡ್ ಕೌಂಟಿಯ ಜಗಳ, ಎಷ್ಟೇ ಕೊಳಕಾಗಿದ್ದರೂ, ಸರ್ಕಾರಿ ಶಾಲೆಯನ್ನು ಇನ್ನೂ ತಮ್ಮದೆಂದು ನಂಬಿರುವವರ ಜಗಳ.

ಶಾಲೆಯಲ್ಲಿ ಮಕ್ಕಳನ್ನು ಬೆರೆಸಿದರೆ ಏನು ಪ್ರಯೋಜನ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಫೇಸ್‌ಬುಕ್ ಗೆಳೆತನಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಸಂಶೋಧನೆ ತಕ್ಕಮಟ್ಟಿನ ಉತ್ತರ ಕೊಡುತ್ತದೆ. ಬಡ ಮಕ್ಕಳಿಗೆ ಅನುಕೂಲಸ್ಥ ಮನೆಗಳ ಗೆಳೆಯರು ಹೆಚ್ಚಿರುವ ಊರುಗಳಲ್ಲಿ ಆ ಮಕ್ಕಳು ದೊಡ್ಡವರಾದ ಮೇಲೆ ಹೆಚ್ಚು ಗಳಿಸುತ್ತಾರೆ. ಅದೇ ಸಂಶೋಧನೆಯಲ್ಲಿ ಮಂಡಳಿಯವರು ಓದಬೇಕಾದ ಇನ್ನೊಂದು ಭಾಗವಿದೆ: ಒಂದೇ ಕಟ್ಟಡದೊಳಗಿದ್ದ ಮಾತ್ರಕ್ಕೆ ಗೆಳೆತನವಾಗುವುದಿಲ್ಲ. ಒಂದೇ ಶಾಲೆಯಲ್ಲಿ ಬುದ್ಧಿವಂತರ ತರಗತಿ, ಸಾಮಾನ್ಯರ ತರಗತಿ ಎಂದು ಮಕ್ಕಳನ್ನು ಬೇರ್ಪಡಿಸುತ್ತಿದ್ದರೆ ಬಸ್ಸಿನಲ್ಲಿ ಕರೆತಂದವರನ್ನು ಬಾಗಿಲೊಳಗೆ ಮತ್ತೊಂದು ಗೆರೆ ಕಾಯುತ್ತಿರುತ್ತದೆ. 2019ರ ಚರ್ಚೆಯಲ್ಲಿ ಇದರ ಬಗ್ಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ನವೆಂಬರ್ 21ರಂದು ಮಂಡಳಿಯು ಯೋಜನೆಯನ್ನು ಮೊಟಕುಗೊಳಿಸಿ, ಸುಮಾರು 5,400 ಮಕ್ಕಳನ್ನು ಸ್ಥಳಾಂತರಿಸುವ ನಕ್ಷೆಗೆ ಒಪ್ಪಿಗೆ ಕೊಟ್ಟಿತು. ಕೆಲವರು ಕೋರ್ಟಿಗೆ ಹೋದರು, ನಕ್ಷೆ ಉಳಿಯಿತು. ಹೊಸ ಗಡಿಗಳು ಜಾರಿಗೆ ಬರಬೇಕಾದ 2020ರ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳೇ ತೆರೆಯಲಿಲ್ಲ. ಬಸ್ಸಿನ ಹೊತ್ತಿನ ಬಗ್ಗೆ ನಿಮಿಷ ನಿಮಿಷಕ್ಕೆ ಲೆಕ್ಕ ಹಾಕಿದ್ದವರ ಮಕ್ಕಳು ತಮ್ಮ ಹೊಸ ಶಾಲೆಯ ಮೊದಲ ದಿನವನ್ನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕಳೆದರು. ಕೌಂಟಿಯ ಪೂರ್ವ ಭಾಗದ ಜೆಸಪ್‌ನಲ್ಲಿ ಗಿಲ್‌ಫರ್ಡ್ ಪಾರ್ಕ್ ಎಂಬ ಹೊಸ ಹೈಸ್ಕೂಲು 2023ರಲ್ಲಿ ಆರಂಭವಾಯಿತು. ಅದಕ್ಕಾಗಿ ಮತ್ತೊಮ್ಮೆ ಗೆರೆಗಳು ಬದಲಾದವು.

ಮನೆಗಳು ಏಳುತ್ತಿರುವ ಕೌಂಟಿಯಲ್ಲಿ ಇದು ನಿಲ್ಲುವಂಥದಲ್ಲವಾದ್ದರಿಂದ, ನನ್ನ ಸಲಹೆ ಬಹಳ ಸರಳವಾದದ್ದು: ಗಡಿಗಳನ್ನು ಇಂತಿಷ್ಟು ವರ್ಷಕ್ಕೊಮ್ಮೆ ತಪ್ಪದೆ ಪರಿಶೀಲಿಸಲಾಗುವುದೆಂದು ನಿಯಮ ಮಾಡಿ, ಆ ನಿಯಮವನ್ನು ಮನೆ ಮಾರಾಟದ ಕಾಗದಪತ್ರಗಳಲ್ಲಿಯೇ ಕೊಳ್ಳುವವರ ಕಣ್ಣಿಗೆ ಬೀಳುವಂತೆ ಬರೆಯಬೇಕು. ಸೀಟುಗಳ ಒತ್ತಡವನ್ನು ಇಳಿಸುವ ಕೆಲಸ ಯಾವುದು, ಬಡ ಮಕ್ಕಳನ್ನು ಹಂಚುವ ಕೆಲಸ ಯಾವುದು ಎಂಬುದನ್ನು ಪಾಲಿಗನ್ ಪಾಲಿಗನ್ನಿಗೂ ಬಿಡಿಸಿ ಹೇಳಬೇಕು. 2019ರಲ್ಲಿ ಎರಡನ್ನೂ ಒಂದೇ ನಕ್ಷೆಯಲ್ಲಿ ಕಲಸಿದ್ದರಿಂದ ಒಂದನ್ನು ವಿರೋಧಿಸುವವರು ಇನ್ನೊಂದರ ಮರೆಯಲ್ಲಿ ನಿಲ್ಲಲು ಸಾಧ್ಯವಾಯಿತು. ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ, ‘ಹಾಗೆ ಬರೆದರೆ ನಮ್ಮ ಮನೆಯ ಬೆಲೆ ಬಿದ್ದುಹೋಗುವುದಿಲ್ಲವೇ ಸಾರ್?’ ಎಂದರು. ಸ್ವಲ್ಪ ಬೀಳಬಹುದು ಎಂದೆ. ನನ್ನ ಮನೆಯದೂ ಸೇರಿ.